ಮಹಡಿಯಲ್ಲಿ ಹವಳ ಬೆಳೆಸಿದ ಆಚಾರ್ರು

ಅವರ ಕೈಗಳು ಮೊಣಕೈವರೆಗೂ ಬೆಳ್ಳಗಿರುತ್ತಿದ್ದವು. ಉಪ್ಪುನೀರು ಒಣಗಿ ಸುಣ್ಣ ಬಳಿದಂತೆ ಚರ್ಮದ ಮೇಲೆ ಕೂತಿರುತ್ತಿತ್ತು. ಕೈ ಮಡಚಿದರೆ ಅದು ಬಿರುಕುಬಿಟ್ಟು ಉದುರುತ್ತಿತ್ತು. ಬೆಳಿಗ್ಗೆ ಮೆಟ್ಟಿಲು ಗುಡಿಸುವಾಗ ನನ್ನ ಕಸಬರಿಗೆಗೆ ದಿನಾ ಉಪ್ಪು ಸಿಗುತ್ತಿತ್ತು. ಸಮುದ್ರವನ್ನೇ ನೋಡದ ನನಗೆ ಅದು ಮೊದಮೊದಲು ಯಾರೋ ಮಾಟ ಮಾಡಿಸಿ ಚೆಲ್ಲಿದ್ದು ಅನ್ನಿಸಿತ್ತು.

ಮಕ್ಕಳೇ, ನೀವು ಅವರನ್ನು ಮಹಡಿ ತಾತ ಅನ್ನುತ್ತಿದ್ದಿರಿ. ನಾನು ಆಚಾರ್ರು ಅನ್ನುತ್ತಿದ್ದೆ, ಅದೂ ಬಾಗಿಲ ಹಿಂದಿನಿಂದ. ಹಚ್ಚೊಳ್ಳಿಯಂಥ ಹಳ್ಳಿಯ ಸಾಲಿಯಲ್ಲಿ ಕಲಿತವಳು ನಾನು. ಪರ ಗಂಡಸರ ಎದುರು ನಿಂತು ಮಾತಾಡಿದ ರೂಢಿ ಇಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಈ ಬಳ್ಳಾರಿ ಮನೆಯ ಮಹಡಿಯನ್ನು ಬಾಡಿಗೆಗೆ ಕೊಟ್ಟೆವು. ಬಂದವರು ಇವರು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ, ಕುರುಗೋಡಿನಲ್ಲಿ ಒಬ್ಬ ತಂಗಿ ಇದ್ದರು. ಉಳ್ಳಾಗಡ್ಡಿ ಕೂಡ ಮುಟ್ಟದ ವೈಷ್ಣವರು, ಒಬ್ಬರೇ ಇರುವವರು, ಇವರಿಂದ ಏನು ತೊಂದರೆ ಅಂದ ನಿಮ್ಮಪ್ಪ.

ಆಮೇಲೆ ಗಾಜು ಬಂತು. ಕನ್ನಡಿ ಅಂಗಡಿಯ ಸಾಹೇಬರ ಆಳುಗಳು ನಮ್ಮ ಬಾಗಿಲಷ್ಟು ಉದ್ದದ ಗಾಜಿನ ಹಲಗೆಗಳನ್ನು ಏದುಸಿರು ಬಿಡುತ್ತ ಮೇಲೆ ಹೊತ್ತರು. ಅಂಟು ಹಾಕಿ ತೊಟ್ಟಿ ಕಟ್ಟಿದರು. ಅದರ ಕೆಳಗೊಂದು ಸಣ್ಣ ತೊಟ್ಟಿ, ನೀರು ಇಳಿಯಲು ಒಂದು ಪೈಪು, ಏರಲು ಒಂದು ಪಂಪು. ಡ್ರಮ್ಮುಗಳಲ್ಲಿ ಉಪ್ಪು ಕದಡಿ ಇಟ್ಟರು. ತೊಟ್ಟಿ ತುಂಬಿದ ದಿನ ನಾನು ಮಧ್ಯಾಹ್ನ ಮಲಗದೆ, ನಡುಮನೆಯ ಸೂರನ್ನೇ ನೋಡುತ್ತ ಕೂತೆ. ಕೊನೆಗೆ ತಡೆಯಲಾರದೆ ಮೆಟ್ಟಿಲ ಬುಡದಿಂದ ಕೂಗಿದೆ.

"ಆಚಾರ್ರೇ, ಸ್ಲ್ಯಾಬು ತಡಿತೈತೇನ್ರಿ?"

"ನೀವು ಕೇಳ್ತೀರಿ ಅಂತ ಗೊತ್ತಿತ್ತು, ಬರ್ರಿ ಮ್ಯಾಲ" ಅಂದರು. ಮೊದಲ ಸಲ ಹತ್ತಿದೆ. ತೊಟ್ಟಿಯನ್ನು ಕೋಣೆಯ ನಡುವೆ ಇಟ್ಟಿರಲಿಲ್ಲ. ಕೆಳಗಿನ ದಪ್ಪ ಗೋಡೆಯ ನೆತ್ತಿಯ ಮೇಲೇ, ತೊಲೆಗೆ ಅಡ್ಡಲಾಗಿ ಕೂರಿಸಿದ್ದರು. "ಭಾರ ಗೋಡಿಗೆ ಇಳೀತದ, ನಿಮ್ಮ ತಲಿಗಲ್ಲ. ಆದ್ರೂ ಹೆದರ್ಕೊಂಡs ಇರ್ರಿ. ನಾನೂ ಹೆದರ್ಕೊಂಡಿದೀನಿ."

ಅದು ಅವರ ರೀತಿ. ಬೇರೆ ಗಂಡಸರು ಹೆದರಬೇಡ ಅನ್ನುತ್ತಾರೆ. ಇವರು ಯಾವುದಕ್ಕೆ ಹೆದರಬೇಕು ಎಂದು ಹೇಳಿಕೊಡುತ್ತಿದ್ದರು. ವೈರುಗಳನ್ನೆಲ್ಲ ಜೋಕಾಲಿಯಂತೆ ಕೆಳಗೆ ಜೋಲುಬಿಟ್ಟು ಆಮೇಲೆ ಮೇಲಕ್ಕೆ ಒಯ್ದು ಸಾಕೆಟ್ಟಿಗೆ ಕೊಟ್ಟಿದ್ದರು. ವೈರಿನ ಗುಂಟ ಹರಿದ ನೀರು ಜೋಲಿನಲ್ಲೇ ತೊಟ್ಟಿಕ್ಕಲಿ, ಕರೆಂಟಿನ ಬಾಯಿಗೆ ಹೋಗದಿರಲಿ ಅಂತ. "ನೆಟ್ಟಗಿರೋ ವೈರು ಕಂಡ್ರ ನನ್ನ ಕರೀರಿ, ನೀವು ಮುಟ್ಟಬ್ಯಾಡ್ರಿ" ಅಂದಿದ್ದರು.

ಹವಳ ಅಂದರೆ ಕೊರಳಿಗೆ ಹಾಕುವ ಕೆಂಪು ಮಣಿ ಅಂತ ತಿಳಿದಿದ್ದೆ. ಅದು ಜೀವವಂತೆ. ಸಮುದ್ರದಿಂದ ಕಿತ್ತದ್ದನ್ನು ಅವರು ತರಿಸುತ್ತಿರಲಿಲ್ಲ. ಮನೆಗಳಲ್ಲೇ ಬೆಳೆಸುವವರ ಹತ್ತಿರ ಒಂದು ತುಣುಕು ಪಡೆದು, ಅದು ಬೆಳೆದ ಮೇಲೆ ಬ್ಲೇಡಿನಿಂದ ಕತ್ತರಿಸಿ, ಸಿಮೆಂಟಿನ ಬಿಲ್ಲೆಗಳಿಗೆ ಅಂಟಿಸಿ ಸಾಲಾಗಿ ಇಡುತ್ತಿದ್ದರು. "ನಿಮ್ಮ ಕಡೆ ಭತ್ತದ ಸಸಿಮಡಿ ಮಾಡ್ತಾರಲ್ಲ, ಇದೂ ಅದs" ಅಂದಾಗ ನನಗೆ ತಟ್ಟನೆ ಅರ್ಥವಾಯಿತು. ಮುಟ್ಟುವ ಮೊದಲು ಕೈ ತೊಳೆಯುತ್ತಿದ್ದ ಪರಿ ನೋಡಬೇಕಿತ್ತು, ದೇವರ ಮನೆಗೆ ಹೋಗುವವರ ಹಾಗೆ. ಸಂಜೆ ಆ ನೀಲಿ ದೀಪ ಹಾಕಿದರೆ ಬೀದಿಗೆಲ್ಲ ಕಾಣುತ್ತಿತ್ತು. ಎದುರು ಮನೆಯ ಬೀಬಿ ಕಟ್ಟೆಯ ಮೇಲೆ ಕೂತು, "ಅಕ್ಕಾ, ನಿಮ್ಮ ಆಚಾರ್ರು ಮಹಡ್ಯಾಗ ಸಿನಿಮಾ ಟಾಕೀಸು ತೆಗದಾರೇನ? ನಮಗೊಂದು ಟಿಕೇಟು ಕೊಡಸ್ರಿ" ಎಂದು ನಗುತ್ತಿದ್ದಳು.

ಒಂದು ಜಾತಿಯನ್ನು ಮಾತ್ರ ಅವರು ಕೈಗವಸು ಹಾಕದೆ ಮುಟ್ಟುತ್ತಿರಲಿಲ್ಲ. ಅಂಗಿಯ ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದಂತೆ ಕಲ್ಲಿಗೆ ಹತ್ತಿಕೊಂಡು ಬೆಳೆಯುವ ಬಟನ್ ಹವಳ. "ಇದರಾಗ ವಿಷ ಅದ" ಅಂದಿದ್ದರು. ಅಷ್ಟು ಗೊತ್ತಿದ್ದವರಿಗೇ ಹಾಗಾಯಿತು.

ಈಗ ಹೇಳುವುದನ್ನು ನಿಮ್ಮಲ್ಲಿ ದೊಡ್ಡವಳೇ, ನೀನು ಗಮನವಿಟ್ಟು ಓದು. ನಿನ್ನನ್ನು ಇನ್ನೂ ಸಾಲಿಗೆ ಹಾಕಿರಲಿಲ್ಲ. ನಿಮ್ಮವ್ವ ಬಾಣಂತನಕ್ಕೆ ತವರು ದೇಶನೂರಿಗೆ ಹೋಗಿದ್ದಳು. ನಿಮ್ಮಪ್ಪ ಸಿರುಗುಪ್ಪದ ಅಕ್ಕಿ ಗಿರಣಿಗೆ ಕೆಲಸಕ್ಕೆ ಹೋಗಿದ್ದ. ಬಿರುಬೇಸಿಗೆ. ಬಿಸಿಗಾಳಿ ಒಳಗೆ ಬರಬಾರದು, ತೊಟ್ಟಿಯ ನೀರು ಕಾಯಬಾರದು ಅಂತ ಆಚಾರ್ರು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ನೀನು ತೊಟ್ಟಿಯ ಮುಂದೆ ಚಾಪೆಯ ಮೇಲೆ ಕೂತು ನೋಡುತ್ತಿದ್ದೆ. ಬಟನ್ ಹವಳ ತುಂಬಿಕೊಂಡಿದ್ದ ಒಂದು ಹಳೆಯ ಕಲ್ಲನ್ನು ಅವರು ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿದ್ದರು. ಸತ್ತು ಸೆಟೆದಿದೆ, ಇನ್ನೇನು ವಿಷ ಅಂದುಕೊಂಡರು. ಹೊಲಸಾದ ಯಾವುದನ್ನೇ ಆಗಲಿ ಮತ್ತೆ ಬಳಸುವ ಮುಂಚೆ ಕುದಿನೀರಿಗೆ ಹಾಕುವುದು ಅವರ ಮನೆತನದ ಪದ್ಧತಿ. ಕಲ್ಲನ್ನು ಪಾತ್ರೆಗೆ ಹಾಕಿ ಗ್ಯಾಸಿನ ಮೇಲೆ ಇಟ್ಟರು.

ನಾನು ಕೆಳಗೆ ಅಕ್ಕಿ ಆರಿಸುತ್ತಿದ್ದೆ. ಮೇಲಿನಿಂದ ಯಾರೋ ಓಡಿ ಬರುವ ಸದ್ದು. ಆಚಾರ್ರು ಓಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನಿನ್ನನ್ನು ಎದೆಗೆ ಅವಚಿಕೊಂಡು ಬಂದು ಅಂಗಳದ ಬೇವಿನ ನೆರಳಿಗೆ ಇಳಿಸಿದರು. ನೀನು ಕೆಮ್ಮುತ್ತಿದ್ದೆ. ಕೆಮ್ಮಿನ ನಡುವೆ ಉಸಿರು ಸಿಗದೆ ಬಾಯಿ ತೆರೆದು ನನ್ನನ್ನು ನೋಡಿದೆ. ಆ ನೋಟ ನನ್ನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ.

"ಉಗಿ ಕುಡದದ ಕೂಸು. ನಾಲಿಗಿ ಮ್ಯಾಲ ಕಬ್ಬಿಣ ಇಟ್ಟಂಗ ಆತು ನನಗ, ಆಗ ತಿಳೀತು. ಮ್ಯಾಲ ಯಾರೂ ಹೋಗಬ್ಯಾಡ್ರಿ." ಹಾಗಂದು ಅವರೇ ಟವಲು ನೆನೆಸಿ ಮೂಗಿಗೆ ಕಟ್ಟಿಕೊಂಡು ಮತ್ತೆ ಮೆಟ್ಟಿಲು ಹತ್ತಿದರು.

"ಮತ್ಯಾಕ ಹೊಂಟ್ರಿ?" ಅಂತ ಕಿರುಚಿದೆ.

"ಒಲಿ ಉರೀಲಿಕ್ಕೆ ಹತ್ಯದ!"

ಒಲೆ ಆರಿಸಿ, ಕಿಟಕಿ ತೆರೆದು, ಇಳಿದು ಬಂದಾಗ ಅವರು ಕೂತು ಕೂತು ಮೆಟ್ಟಿಲು ಸರಿಯುತ್ತಿದ್ದರು. ಬೀಬಿಯ ಮಗ ಆಟೋ ತಂದ. ಆಟೋದಲ್ಲಿ ನಿನ್ನ ಬೆನ್ನ ಮೇಲೆ ಅಂಗೈ ಇಟ್ಟು, ಅದು ಏರಿತೇ, ಇಳಿಯಿತೇ ಅಂತ ನೋಡುವುದೊಂದೇ ನನ್ನ ಕೆಲಸ. ಒಂದು ಸಲ ಅದು ಏರಲು ತಡವಾಯಿತು. ಆಗ ನಾನು ಯಾವ ದೇವರನ್ನೂ ಕರೆಯಲಿಲ್ಲ, ನನಗೆ ಯಾರ ಹೆಸರೂ ನೆನಪಾಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮನ್ನು ನೋಡಿದವರೇ, "ಬಿಸಿಲು ಬಡದೈತಿ, ಮಲಗಸ್ರಿ" ಅಂದರು. ಊರೆಲ್ಲ ಬಿಸಿಲು ಬಡಿದವರೇ ಬರುತ್ತಿದ್ದ ದಿನಗಳವು. ಆಚಾರ್ರು ಸುಮ್ಮನಿದ್ದಿದ್ದರೆ ಅದು ಹಾಗೇ ಆಗುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅವರು ಗೋಡೆ ಹಿಡಿದು ಎದ್ದು ನಿಂತರು.

"ಬಿಸಿಲಲ್ರೀ. ವಿಷ. ಹವಳದ ಕಲ್ಲು ನಾನs ಕುದಿಸೀನಿ, ಅದರ ಉಗಿ ಕೂಸಿನ ಎದಿಗೆ ಹೋಗ್ಯದ. ತಪ್ಪು ನಂದು. ಮೊದಲು ಅದಕ್ಕ ಆಕ್ಸಿಜನ್ ಹಚ್ಚರಿ, ನನಗ ಆಮ್ಯಾಲ."

ವಿಷದ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿದರು. ಡಾಕ್ಟರು ಮೊಬೈಲಿನಲ್ಲಿ ಏನೋ ಓದಿದರು. ಅವರ ಮುಖ ಬದಲಾಯಿತು. ಆಮೇಲೆ ಎಲ್ಲರೂ ಓಡಾಡತೊಡಗಿದರು.

ಆ ರಾತ್ರಿ ಏರಿದ್ದ ನಿನ್ನ ಜ್ವರ ಮರುದಿನ ಇಳಿಯಿತು, ಚುರುಮುರಿ ಬೇಕು ಅಂತ ಅತ್ತೆ. ಅವರು ಮಾತ್ರ ಬಹಳ ದಿನ ಅಲ್ಲೇ ಉಳಿದರು. ಬಂದಾಗ ಅರ್ಧ ಮೆಟ್ಟಿಲಿಗೇ ನಿಂತು ಉಸಿರು ತೆಗೆದುಕೊಳ್ಳುವವರಾಗಿದ್ದರು.

ನಿಮ್ಮಪ್ಪ ಕುದಿಯುತ್ತಿದ್ದ. "ಖಾಲಿ ಮಾಡಸ್ತೀನಿ. ಆ ಗಾಜನ್ನ ಬೀದಿಗೆ ಒಗೀತೀನಿ" ಅಂದ. ಆಚಾರ್ರು, "ಖರೆ ಅದ, ಹೋಗ್ತೀನಿ" ಅಂದರು. ನಿಮ್ಮಪ್ಪನ ಸಿಟ್ಟು ತಪ್ಪಲ್ಲ. ಆದರೆ ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ.

"ಅವರು ಇಲ್ಲೇ ಇರಲಿ."

"ಅವ್ವಾ, ನಿನಗ ಹೆದರಿಕಿ ಇಲ್ಲೇನ?"

"ಐತಿ. ಅದಕ್ಕs ಹೇಳಾಕತ್ತೀನಿ. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ ಅವರು. ನಾಳೆ ಬರೋರು ಏನು ಇಟ್ಕೊಂಡಿರ್ತಾರೋ, ನಮಗೇನು ಹೇಳ್ತಾರೋ."

ನಿಮ್ಮಪ್ಪ ನನ್ನನ್ನು ಹೊಸಬಳನ್ನು ನೋಡಿದಂತೆ ನೋಡಿ, ಅಂಗಿ ಹಾಕಿಕೊಂಡು ಹೊರಗೆ ಹೋದ. ಖಾಲಿ ಮಾಡಿಸುವ ಮಾತು ಮತ್ತೆ ಎತ್ತಲಿಲ್ಲ.

ಆಮೇಲೆ ಆಚಾರ್ರು ಬಟನ್ ಹವಳವನ್ನೆಲ್ಲ ಬೇರೆ ತೊಟ್ಟಿಗೆ ಹಾಕಿ ಮುಚ್ಚಳಕ್ಕೆ ಬೀಗ ಹಾಕಿದರು. ನಿಮ್ಮನ್ನು ಮೇಲೆ ಬರಲು ಬಿಡುತ್ತಿರಲಿಲ್ಲ. ಹವಳ ತೋರಿಸು ಅಂತ ನೀವು ಹಟ ಮಾಡಿದರೆ ಮೊಬೈಲಿನಲ್ಲಿ ಫೋಟೋ ತೆಗೆದು ಅಂಗಳಕ್ಕೇ ತರುತ್ತಿದ್ದರು. ನನಗೆ ಮಾತ್ರ ಕೆಲಸ ಕಲಿಸಿದರು. ಆರಿಹೋದಷ್ಟು ನೀರನ್ನು ಸಿಹಿನೀರಿನಿಂದಲೇ ತುಂಬಬೇಕು, ಉಪ್ಪು ಆರುವುದಿಲ್ಲ, ನೀರಷ್ಟೇ ಆರುತ್ತದೆ ಅಂದರು. ಉಸಿರು ತೀರಾ ಕಷ್ಟವಾದಾಗ ತಂಗಿ ಬಂದು ಕುರುಗೋಡಿಗೆ ಕರೆದುಕೊಂಡು ಹೋದರು. ನಾನು ದಿನಾ ಹೆದರುತ್ತಲೇ ಮೇಲೆ ಹತ್ತಿ, ಅವರು ಗಾಜಿಗೆ ಎಳೆದಿದ್ದ ಗೆರೆಯವರೆಗೆ ನೀರು ಹಾಕಿದೆ. ಫೋನಿನಲ್ಲಿ ಅವರು ತೊಟ್ಟಿಯ ವಿಚಾರ ಕೇಳುವ ಮೊದಲು, "ಕೂಸು ಕೆಮ್ಮಿತೇನ್ರಿ?" ಅಂತ ಕೇಳುತ್ತಿದ್ದರು.

ಈ ಚಳಿಗಾಲದಲ್ಲಿ ಅವರು ತೀರಿಹೋದರು. ಕುರುಗೋಡಿಗೆ ಹೋಗಿ ನೋಡಿ ಬಂದೆ. ಕೈಗಳನ್ನು ತೊಳೆದು ಎದೆಯ ಮೇಲೆ ಇಟ್ಟಿದ್ದರು. ಆ ಕೈಗಳ ನಿಜವಾದ ಬಣ್ಣವನ್ನು ನಾನು ನೋಡಿದ್ದು ಅವತ್ತೇ.

ಹವಳಗಳನ್ನು ಒಯ್ಯಲು ಅವರ ತಂಗಿ ಆಂಧ್ರದ ಕಡೆಯ ಒಬ್ಬ ಹವಳ ಬೆಳೆಸುವವನನ್ನು ಕರೆಸಿದರು. ಎತ್ತರದ ಗಂಡಸು, ತೆಲುಗಿನವನು. ಬೀಗ ತೆಗೆದವನೇ ತೋಳು ಮಡಚಿ, ಬರಿಗೈಯನ್ನು ಬಟನ್ ಹವಳದ ತೊಟ್ಟಿಗೆ ಇಳಿಸಲು ಹೋದ. ಕಿಟಕಿಗಳೆಲ್ಲ ಮುಚ್ಚಿದ್ದವು.

"ಮುಟ್ಟಬ್ಯಾಡ್ರಿ!" ಅಂದೆ. ನನ್ನ ದನಿ ಬೀದಿಗೆ ಕೇಳಿಸಿತಂತೆ. ಬೀಬಿ ಆಮೇಲೆ ಹೇಳಿದಳು.

"ಏಮೀ ಕಾದಮ್ಮಾ" ಅಂತ ನಕ್ಕ, ಏನೂ ಆಗುವುದಿಲ್ಲವಂತೆ. ನಾನು ಕೈಗವಸುಗಳನ್ನು ಅವನ ಮುಂದೆ ಹಿಡಿದೆ. ಒಂದೊಂದಾಗಿ ಕಿಟಕಿ ತೆರೆದೆ. ಬಂದು ತೊಟ್ಟಿಗೂ ಅವನಿಗೂ ನಡುವೆ ನಿಂತುಕೊಂಡೆ. ಅವನು ನಗು ನಿಲ್ಲಿಸಿ, ಎರಡೂ ಕೈಗೆ ಗವಸು ಹಾಕಿಕೊಳ್ಳುವವರೆಗೂ ಅಲ್ಲಿಂದ ಸರಿಯಲಿಲ್ಲ.