ಬಿಳಿ ಸೀರಿಯ ಕೌದಿ

ದಂಡೋತಿಯ ಆ ಮನಿಗಿ ಮೊದಲ ಸಲ ಹೋದಾಗ ನನಗ ಭಾಳ ಸಿಟ್ಟು ಬಂದಿತ್ತು. ಕೌದಿ ಹೊಲೀಲಿಕ್ಕ ಅಂತ ಕರದು, ಕೈಯಾಗ ಸೂಜಿ ಕೊಟ್ಟು, ಹೊಲೀಲಿಕ್ಕೇ ಬಿಡವಲ್ರು! ಒಂದು ಅರಬಿ ತುಂಡು ಹಾಸೋದು, "ಇದು ಯಾರದು?" ಅಂತ ಕೇಳೋದು, ಆ ತುಂಡಿನ ಪುರಾಣ ಮುಗಿಯೋ ತನಕ ಎಲ್ಲಾರೂ ಸೂಜಿ ಹಿಡಕೊಂಡು ಸುಮ್ಮನ ಕುಂದ್ರೋದು. ನಾ ದವಾಖಾನ್ಯಾಗ ನರ್ಸ್. ನಿಂತ ಕಾಲ ಮ್ಯಾಲೇ ಕೆಲಸ ಮುಗಿಸಿ ರೂಢಿ. "ಏನ್ರಿ ಇದು, ಹಿಂಗ ಮಾಡಿದ್ರ ದೀಪಾವಳಿಗಿ ಮುಗೀತದ ನೋಡ್ರಿ," ಅಂದೆ. ಆ ಮನಿ ಹಿರಿಯಾಕಿ, ಎಲ್ಲಾರೂ ಆಯಿ ಅಂತ ಕರಿಯೋ ಮುದುಕಿ, ಚಸ್ಮಾದ ಮ್ಯಾಲಿಂದ ನನ್ನ ನೋಡಿದ್ಲು. "ಹೊದ್ದು ಮಲಗೋರಿಗಿ ತಮ್ಮ ಮೈಮ್ಯಾಲ ಯಾರ್ಯಾರು ಅದಾರ ಅಂತ ಗೊತ್ತಿರಬೇಕಿಲ್ಲೇನವಾ? ಹೇಳದೆ ಸೂಜಿ ಹಾಕಂಗಿಲ್ಲ ನಮ್ಮ ಮನ್ಯಾಗ," ಅಂದ್ಲು.

ನನ್ನ ಕರಕೊಂಡು ಹೋದಾಕಿ ನನ್ನ ಗೆಳತಿ. ವಾಡಿ ದವಾಖಾನ್ಯಾಗ ನನ್ನ ಜೋಡಿ ಔಷಧಿ ಕೊಡೋ ಕೆಲಸ ಮಾಡ್ತಾಳ. ಆಯಿ ಅಕಿ ಅತ್ತಿ. ಪ್ರತಿ ಬ್ಯಾಸಗಿ, ಹೊಲದ ಕೆಲಸ ಇಲ್ಲದ ಹೊತ್ತಿನಾಗ, ನಾಕೈದು ದಿನ ಅವರ ಪಡಸಾಲ್ಯಾಗ ಕೌದಿ ಹೊಲಿಯೋ ಕೂಟ. ಸೇಡಂ, ಶಹಾಬಾದ, ಚಿಂಚೋಳಿ ಕಡಿಂದ ಹೆಣ್ಮಕ್ಕಳು ಬಂದು ಅಲ್ಲೇ ಉಂಡು ಅಲ್ಲೇ ಮಲಗ್ತಾರ. ವರ್ಷಕ್ಕ ಒಬ್ಬಾಕಿ ಪಾಳಿ. ಪಾಳಿ ಬಂದಾಕಿ ತನ್ನ ಮನಿ ಹಳೀ ಅರಬಿ ಗಂಟು ಕಟಗೊಂಡು ಬರಬೇಕು, ಉಳಿದೋರೆಲ್ಲ ಕೂಡಿ ಅಕಿ ಕೌದಿ ಹೊಲದು ಕೊಡಬೇಕು. ಅಂಚಿನಿಂದ ಸುರು ಮಾಡಿ ಎಲ್ಲಾರೂ ನಡುವಿನ ಕಡಿಗಿ ಹೊಲಕೊಂತ ಹೋಗೋದು. ಮೊದಲನೇ ದಿನ ದೂರ ದೂರ ಕುಂತೋರು ಕಡೀ ದಿನಕ್ಕ ಮೊಣಕಾಲಿಗಿ ಮೊಣಕಾಲು ಹಚ್ಚಿ ಕುಂತಿರ್ತಾರ.

ನನ್ನ ಸಿಟ್ಟು ಒಂದೇ ದಿನಕ್ಕ ಇಳೀತು. ಚಿಂಚೋಳಿಯಿಂದ ಬರೋ ಅಕ್ಕ ಒಬ್ಬಾಕಿ ಅದಾಳ, ಅರ್ಧ ತೆಲುಗು, ಅರ್ಧ ಕನ್ನಡ, ಬಾಯಿಗಿ ಬಾಗಿಲಾ ಇಲ್ಲ. "ಸಿಸ್ಟರಮ್ಮಾ, ಹಂಗಲ್ರಿ ಚುಚ್ಚೋದು, ಇದು ಅರಬಿ, ಪೇಶೆಂಟಿನ ಕುಂಡಿ ಅಲ್ಲ," ಅಂತ ಎಲ್ಲಾರ ಮುಂದ ಅಂದುಬಿಟ್ಲು. ಆಯಿ ಸುದ್ದಾ ನಕ್ಕು ನಕ್ಕು ಸೆರಗಿಲೆ ಕಣ್ಣು ಒರಿಸಿಕೊಂಡ್ಲು. ನಾನೂ ನಕ್ಕೆ. ಎಷ್ಟು ದಿನ ಆಗಿತ್ತೋ ಹಂಗ ನಕ್ಕು, ನೆನಪಿಲ್ಲ.

ವಾಡಿದಾಗ ಮನ್ಯಾಗ ನಾ ಒಬ್ಬಾಕೀನೇ. ಲಗ್ನ ಆಗಲಿಲ್ಲ, ಆಗಲಿಲ್ಲ ಅಂದ್ರ ಆಗಲಿಲ್ಲ, ಅದಕ್ಕೊಂದು ಕತಿ ಇಲ್ಲ. ಸಂಜೀಕ ಬಂದು ಕೀಲಿ ತಗದ್ರ, ಮುಂಜಾನಿ ಕುಡದಿಟ್ಟ ಚಾದ ಕಪ್ಪು ಇಟ್ಟಲ್ಲೇ ಇರ್ತದ. ಅದರ ಮ್ಯಾಲ ಒಂದೀಟು ಸಿಮೆಂಟ್ ಫ್ಯಾಕ್ಟರಿ ಧೂಳು ಬಂದು ಕುಂತಿರ್ತದ, ಅಷ್ಟೇ. ಟಿವಿ ಹಚ್ಚತೀನಿ, ನೋಡಲಿಕ್ಕಲ್ಲ, ಮನ್ಯಾಗ ಯಾರರೆ ಮಾತಾಡ್ಲಿ ಅಂತ. ದಂಡೋತಿದಾಗ ಮಾಳಗಿ ಮ್ಯಾಲ ಸಾಲಾಗಿ ಮಲಗಿದ್ರ ಚಿಂಚೋಳಿ ಅಕ್ಕನ ಕಾಲು ನನ್ನ ಮ್ಯಾಲ ಬಂದು ಬೀಳ್ತಿತ್ತು. ಭಾಳ ವಜ್ಜಾ ಕಾಲು. ನಾ ಸರಸ್ತಿರಲಿಲ್ಲ.

ಎರಡನೇ ಬ್ಯಾಸಗಿ ಕೌದಿ ಮುಗದಾಗ ಆಯಿ ಅಂದ್ಲು, "ಬರೋ ವರ್ಷ ಸಿಸ್ಟರ್ ಪಾಳಿ." ಎಲ್ಲಾರೂ ಹೌದ್ ಹೌದ್ ಅಂದ್ರು. ಅಲ್ಲಿ ಹಾಸೋ ತುಂಡುಗಳೆಲ್ಲ ಯಾರದೋ ಗಂಡಂದು, ಅತ್ತಿದು, ಮೊಮ್ಮಗಂದು. ನನ್ನ ಕಪಾಟಿನ್ಯಾಗ ಏನದ? ಡ್ಯೂಟಿಗಿ ಉಟ್ಟು ಉಟ್ಟು ಮೆತ್ತಗಾದ ಬಿಳಿ ಸೀರಿ, ಒಂದರ ಮ್ಯಾಲೊಂದು. ಅವ್ವನ ಸೀರಿ ಒಂದರೆ ಇರಬೇಕಿತ್ತು. ಅವ್ವ ಸತ್ತು ತಿಂಗಳು ತುಂಬೋದ್ರಾಗ ನಮ್ಮ ವೈನಿ ಅಷ್ಟೂ ಸೀರಿ ಭಾಂಡೆ ಮಾರುವಾಕಿಗಿ ಹಾಕಿ ಸ್ಟೀಲ್ ಡಬ್ಬಿ ತಗೊಂಡಿದ್ಲು. ನಾ ಹೋಗೋದ್ರಾಗ ಡಬ್ಬ್ಯಾಗ ಸಕ್ರಿ ತುಂಬಿ ಇಟ್ಟಿದ್ಲು. ಇವತ್ತಿಗೂ ಅಣ್ಣನ ಮನ್ಯಾಗ ಚಾ ಕುಡದ್ರ ನನಗ ಮೈ ಉರೀತದ.

ಈಗ ಆಯಿ "ಇದು ಯಾರದು?" ಅಂತ ಕೇಳೋಳು, ನಾ ಪ್ರತಿ ತುಂಡಿಗೂ "ನಂದು, ಇದೂ ನಂದು, ಇದೂ ನಂದೇ" ಅನ್ನಬೇಕು! ಈಕಿಗಿ ಯಾರೂ ಇಲ್ಲ ಅಂತ ನಾನೇ ಡಂಗುರ ಸಾರಿದಂಗ. ಒಮ್ಮೆ ಅವರ ಕಣ್ಣಾಗ ಅಯ್ಯೋ ಪಾಪ ಬಂತಂದ್ರ ಮುಗೀತು, ಮತ್ತ ಅಲ್ಲಿಗಿ ಹ್ಯಾಂಗ ಹೋಗೋದು? ಅಯ್ಯೋ ಪಾಪ ಅನಿಸಿಕೊಂಡ ಜಾಗಾಕ ನಾ ತಿರುಗಿ ಹೋಗುವಾಕಿ ಅಲ್ಲ. ಮತ್ತ ಆ ಒಂದು ಜಾಗಾ ಬಿಟ್ರ ನನಗ ಹೋಗಲಿಕ್ಕ ಬ್ಯಾರೆ ಜಾಗಾನೇ ಇರಲಿಲ್ಲ.

ಅದಕ್ಕ ನಾ ಮಾಡಿದ್ದು ಕೇಳಿದ್ರ ನಗ್ತೀರಿ. ನಮ್ಮ ಓಣಿಗಿ ಬರೋ ಭಾಂಡೆ ಮಾರುವಾಕಿಗಿ ಒಂದು ಹೊಸಾ ಬೋಗಾಣಿ ಕೊಟ್ಟು, ಅಕಿ ಗಂಟಿನ್ಯಾಗಿನ ಹಳೀ ಅರಬಿ ಕೊಡು ಅಂದೆ. "ಯಾಕ್ರಿ ಬಾಯಿ, ಆರಾಮ ಇದ್ದೀರಿಲ್ಲ?" ಅಂದ್ಲು ಪಾಪ. ಒಂದು ಪಟ್ಟಿ ಪಟ್ಟಿ ಗಂಡಸರ ಅಂಗಿ, ಒಂದು ಹಳದಿ ಫ್ರಾಕು, ವಯಸ್ಸಾದೋರು ಉಡೋ ಕೆಂಪು ದಡಿ ಸೀರಿ ಆರಿಸಿಕೊಂಡೆ. ಒಗದು ಹಿತ್ತಲದಾಗ ಹಗ್ಗಕ್ಕ ಹಾಕಿದೆ. ಒಂದು ಸಂಸಾರ ಇದ್ದಂಗೇ ಕಾಣ್ತಿತ್ತು. ಸುಳ್ಳ್ಯಾಕ ಹೇಳ್ಲಿ, ಒಣಗಿದ ಮ್ಯಾಲೂ ತಗೀಲಿಕ್ಕ ಮನಸ್ಸಾಗದೆ ಹಂಗೇ ಬಿಟ್ಟಿದ್ದೆ.

ದಂಡೋತಿದಾಗ ಫರಸಿ ಮ್ಯಾಲ ಮೊದಲ ನನ್ನ ಬಿಳಿ ಸೀರಿ ಹಾಸಿದ್ರು. "ಕೌದಿ ಹೊಲೀಲಿಕತ್ತೀವೋ, ದವಾಖಾನಿ ಪಲಂಗದ ಚಾದರ ಹೊಲೀಲಿಕತ್ತೀವೋ?" ಅಂತ ಚಿಂಚೋಳಿ ಅಕ್ಕ ಸುರು ಮಾಡಿದ್ಲು. ನಗು ಮುಗಿಯೋದ್ರಾಗ ಆಯಿ ಗಂಟಿನ್ಯಾಗ ಕೈ ಹಾಕಿ ಹಳದಿ ಫ್ರಾಕು ತಗದ್ಲು. "ಇದು ಯಾರದವಾ?"

ಅಣ್ಣನ ಮಗಳದು ಅಂತ ಹೇಳಬೇಕಂತ ಬಾಯಿಪಾಠ ಮಾಡಿಕೊಂಡೇ ಬಂದಿದ್ದೆ. ಆದ್ರ ಆಯಿ ಆ ಫ್ರಾಕಿನ ತೋಳಿನ್ಯಾಗ ಎರಡು ಬೆರಳು ಹಾಕಿ, ಕೂಸಿನ ಕೈ ಎಷ್ಟಿತ್ತೋ ಅಂತ ಅಂದಾಜು ಮಾಡಲಿಕತ್ತಿದ್ಲು.

"ಗೊತ್ತಿಲ್ಲ!" ಅಂದೆ, ಜೋರಾಗೇ ಅಂದೆ. "ಯಾರದೋ ಏನೋ. ಭಾಂಡೆ ಮಾರುವಾಕಿ ಕಡಿಂದ ತಗೊಂಡೀನಿ. ಆ ಅಂಗೀನೂ ಅಷ್ಟೇ, ಆ ಸೀರೀನೂ ಅಷ್ಟೇ. ನನ್ನ ಮನ್ಯಾಗ ಮತ್ತೊಬ್ಬರ ಅರಬಿ ಇಲ್ಲ. ನೀವು ಗಂಟು ತಾ ಅಂದ್ರಿ, ತಂದೆ. ಏನ್ ಮಾಡ್ಲಿ ನಾ?"

ಚಿಂಚೋಳಿ ಅಕ್ಕ, "ಅಯ್ಯ, ಅಷ್ಟಕ್ಕ ಯಾಕ? ನನ್ನ ಗಂಡನ ಲುಂಗಿ ತಗೋರಿ. ಬೇಕಾದ್ರ ಗಂಡನ್ನೂ ತಗೋರಿ, ನನಗಂತೂ ಸಾಕಾಗ್ಯಾನ," ಅಂದ್ಲು. ನನ್ನ ಗೆಳತಿ, ತನ್ನ ಮಕ್ಕಳ ಅರಬಿ ತರ್ತೀನಿ ಅಂತ ಎದ್ದೇ ಬಿಟ್ಲು. ಅಕಿ ಕಣ್ಣಾಗ ಬಂದೇ ಬಿಟ್ಟಿತ್ತು, ಆ ಅಯ್ಯೋ ಪಾಪ. "ನನಗ ಯಾರ ದಾನಾನೂ ಬ್ಯಾಡ," ಅಂದು ನಾ ಗಂಟು ಕಟ್ಟಲಿಕತ್ತೆ.

ಆಯಿ ನನ್ನ ಸೀರಿ ಚುಂಗು ಹಿಡದು ಜಗ್ಗಿದ್ಲು. "ಕುಂದ್ರು. ಎಲ್ಲಿಗಿ ಹೊಂಟಿ? ಯಾರದೂ ಬ್ಯಾಡ ಬಿಡು, ನಿನ್ನ ಸೀರಿ ಇಷ್ಟು ಬಿದ್ದಾವ. ಆದ್ರ ನಂದು ನಂದು ಅಂದ್ರ ನಡ್ಯಂಗಿಲ್ಲ ನೋಡು. ಒಂದೊಂದೂ ಬ್ಯಾರೆ ಬ್ಯಾರೆ ಹೇಳಬೇಕು." ಆಮ್ಯಾಲ ಆ ಫ್ರಾಕು, ಅಂಗಿ, ಕೆಂಪು ದಡಿ ಸೀರಿ ಮೂರನ್ನೂ ನೆಟ್ಟಗ ಮಡಚಿ ಬಾಜೂಕ ಇಟ್ಲು. "ಇವಕ್ಕ ಸೂಜಿ ಹಾಕಂಗಿಲ್ಲ. ಯಾವ ತಾಯಿ ಬಿಚ್ಚಿದ ಫ್ರಾಕೋ."

ಸಿಟ್ಟಿನಾಗೇ ಹೇಳಲಿಕತ್ತೆ. ಈ ಸೀರಿ, ಚಿತ್ತಾಪುರದಾಗ ನೌಕರಿಗಿ ಸೇರಿದ ದಿನ ಉಟ್ಟಿದ್ದು, ನಿರಿಗಿ ನಿಲ್ಲದೆ ಸಾಹೇಬರ ಮುಂದ ಮುಗ್ಗರಿಸಿ ಬಿದ್ದಿದ್ದೆ. ಈ ಕಂದು ಕಲಿ ಟಿಂಚರಿಂದು. ಇದನ್ನ ಉಟಗೊಂಡು ಜೀಪಿನ್ಯಾಗೇ ಒಬ್ಬಾಕಿ ಹೆರಿಗಿ ಮಾಡಿಸಿದ್ದೆ, ಅವಳಿ ಜವಳಿ. ಪ್ರತಿಯೊಂದು ಮುಗದ ಮ್ಯಾಲ ಆಯಿ "ಹಾಕ್ರಿ ಸೂಜಿ" ಅನ್ನೋಳು, ಎಲ್ಲಾರೂ ತಲಿ ಬಗ್ಗಿಸಿ ಹೊಲಿಯೋರು. ಒಂದು ಸೀರಿ ಬಂದಾಗ ನಾ ನಿಂತೆ. ಡ್ಯೂಟಿಯಿಂದ ಸೀದಾ ಓಡಿ ಹೋಗಿದ್ದೆ ಅವತ್ತು. ಅವ್ವ ಇದರ ಸೆರಗೇ ಹಿಡಕೊಂಡಿದ್ಲು, ಮುಷ್ಟಿ ಬಿಡಿಸಬೇಕಾತು. ಅಷ್ಟು ಹೇಳಿ ಕೂಸಿನಂಗ ಬಿಕ್ಕಿ ಬಿಕ್ಕಿ ಅತ್ತೆ, ಯಾರೂ ಸುಮ್ಮನಿರು ಅನ್ನಲಿಲ್ಲ.

ಆ ಕೌದಿ ಈಗ ವಾಡಿದಾಗ ನನ್ನ ಹಾಸಿಗಿ ಮ್ಯಾಲ ಅದ. ಬೆಚ್ಚಗದ. ಆದ್ರ ಖರೇ ಹೇಳ್ಲೇನು? ಹೊದ್ದು ಮಲಗಿದ್ರ ಮೈಮ್ಯಾಲೂ ನಾನೇ, ಒಳಗೂ ನಾನೇ.

ಈ ವರ್ಷ ನನಗ ರಜಾ ಸಿಗಲಿಲ್ಲ. ನನ್ನ ಗೆಳತಿ ಪಾಳಿ ಇತ್ತು. ಅಕಿ ಮೊದಲೇ ನನ್ನ ಕಡಿಂದ ಒಂದು ಹಳೀ ಸೀರಿ ಇಸಕೊಂಡು ಹೋಗಿದ್ಲು, ಕೌದಿ ತಳಕ್ಕ ಹಾಸಲಿಕ್ಕಂತ ತಿಳಕೊಂಡಿದ್ದೆ. ಒಂದು ಮಧ್ಯಾಹ್ನ ಫೋನ್ ಮಾಡಿ, "ತಡೀರಿ, ಎಲ್ಲಾರಿಗೂ ಕೊಡ್ತೀನಿ," ಅಂದಾಕಿ ಎಲ್ಲೋ ಇಟ್ಟು ಮರತೇ ಬಿಟ್ಲು. ಸೂಜಿ ಡಬ್ಬಿ ಸಪ್ಪಳ, ಬಳಿ ಸಪ್ಪಳ ಕೇಳಸ್ತಿತ್ತು. ಆಮ್ಯಾಲ ಆಯಿ ದನಿ: "ಈ ಬಿಳೀದು ಯಾರದು?"

"ವಾಡಿ ಸಿಸ್ಟರ್‌ದು," ಅಂದ್ಲು ಗೆಳತಿ. "ಹೇಳ್ರಿ ಮತ್ತ," ಅಂದ್ಲು ಆಯಿ. ಎಲ್ಲಾರೂ ಒಮ್ಮೆಲೇ ಸುರು ಮಾಡಿದ್ರು. ಭಾಳ ಸಿಟ್ಟಿನಾಕಿ ಅಂತ ಒಬ್ಬಾಕಿ. ರೊಟ್ಟಿ ಬಡೀಲಿಕ್ಕ ಬರಂಗಿಲ್ಲ, ತಿನ್ನಲಿಕ್ಕ ಬರ್ತದ ಅಂತ ಇನ್ನೊಬ್ಬಾಕಿ. "ಮತ್ತ ಗೊರಕಿ? ಯವ್ವಾ, ಅಕಿ ಗೊರಕಿ! ಬಾಜೂಕ ಮಲಗಿದ ನನಗ ಕೇಳ್ರಿ," ಅಂದ್ಲು ಚಿಂಚೋಳಿ ಅಕ್ಕ. ಎಲ್ಲಾರೂ ಹೋ ಅಂತ ನಕ್ರು. "ಹಾಕ್ರಿ ಸೂಜಿ," ಅಂದ್ಲು ಆಯಿ.

ನಾ ಅಡಗಿ ಮನ್ಯಾಗ ಫೋನ್ ಕಿವಿಗಿ ಹಚ್ಚಿಕೊಂಡು ನಿಂತಿದ್ದೆ. ನಾ ಗೊರಕಿ ಹೊಡೀತೀನಿ ಅಂತ ನನಗ ಅವತ್ತಿನ ತನಕ ಗೊತ್ತೇ ಇರಲಿಲ್ಲ. ಹೇಳಲಿಕ್ಕ ಮನ್ಯಾಗ ಯಾರಿದ್ರು?