ನೆಟ್ಟಗಿದ್ದ ಹೆಬ್ಬೆರಳು

ಕತ್ರಿ ಹೋದ ಮಂಗಳವಾರ ತೀರಿಕೊಂಡಳು. ಮಗಳನ್ನು ಪರೀಕ್ಷೆಗೆ ಕರೆದೊಯ್ದಿದ್ದ ಆಸ್ಪತ್ರೆಯಲ್ಲೇ ಅವಳ ಹೃದಯ ನಿಂತಿತು.

ಕಿಟಕಿ ಪರದೆ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ಅವಳು, ಹೊಲಿಯುವವಳು ನಾನು. ನಾಲಗೆಯೂ ಹರಿತವಾಗಿದ್ದರಿಂದ ಎಲ್ಲರಿಗೂ ಅವಳು ಕತ್ರಿಯೇ. ಅವಳ ಹೆಬ್ಬೆರಳಿಗೆ ಮೂರು ಗೆಣ್ಣು. ಉಳಿದ ಬೆರಳುಗಳ ಸಾಲಿನಲ್ಲೇ ಸಣ್ಣಗೆ ನಿಂತಿತ್ತು. ಕತ್ತರಿಯ ಹಿಡಿಗೆ ಚಿಂದಿ ಸುತ್ತಿ, ತೋರುಬೆರಳು, ನಡುಬೆರಳು ತೂರಿಸಿ ಕತ್ತರಿಸುತ್ತಿದ್ದಳು.

ಅಂಥದೇ ಬೆರಳು ಅವಳ ಅಪ್ಪನಿಗೂ ಅಣ್ಣನಿಗೂ ಇತ್ತು. ಇಬ್ಬರೂ ನಲವತ್ತು ದಾಟಲಿಲ್ಲ, ಕೂತಲ್ಲೇ ಹೋದರು. ಹಾಗಾಗಿ ಆ ಮನೆಯಲ್ಲಿ ಮಗು ಹುಟ್ಟಿದರೆ ಗಂಡೋ ಹೆಣ್ಣೋ ಎಂದು ಕೇಳುವ ಮೊದಲು ಮುಷ್ಟಿ ಬಿಡಿಸಿ ಹೆಬ್ಬೆರಳು ನೋಡುತ್ತಿದ್ದರು. ಕತ್ರಿಯ ಮಗಳದು ನೆಟ್ಟಗಿತ್ತು. "ಬಚಾವಾಯ್ತು" ಎಂದು ಮನೆಮಂದಿ ನಿಟ್ಟುಸಿರು ಬಿಟ್ಟರು. ಮಗಳು ಬೆಳೆದು ಕೆಲಸಕ್ಕೆ ಸೇರುವವರೆಗೂ ಆ ನೆಮ್ಮದಿ ಉಳಿಯಿತು.

ಈ ವರ್ಷ ಕತ್ರಿ ಅಂಗಡಿಯಲ್ಲಿ ತಲೆಸುತ್ತಿ ಬಿದ್ದಳು. ಡಾಕ್ಟರು ಅವಳ ಎದೆಬಡಿತ ನೋಡಿದರು, ಕೈ ನೋಡಿದರು, ರಕ್ತ ಪರೀಕ್ಷೆಗೆ ಕಳಿಸಿದರು. ಗರ್ಭದಲ್ಲಿ ಕೈಯೂ ಹೃದಯವೂ ಮೂಡುವಾಗ ಬೇರೆ ಜೀನುಗಳಿಗೆ ಶುರು ಮಾಡಿ, ನಿಲ್ಲಿಸಿ ಎಂದು ಅಪ್ಪಣೆ ಕೊಡುವ ಜೀನೊಂದಿದೆಯಂತೆ. ಅವಳಲ್ಲಿ ಅದೇ ಕೆಟ್ಟಿತ್ತು. ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಬೆರಳು ಸರಿಯಿದ್ದರೂ ಮಣಿಕಟ್ಟಿನ ಸಣ್ಣ ಮೂಳೆಯಲ್ಲಷ್ಟೇ ಅದರ ಗುರುತು ಅಡಗಿರಬಹುದಂತೆ.

ಅಂದಿನಿಂದ ಅವಳು ಕೂತಲ್ಲಿ ಕೂರಲಿಲ್ಲ. ಬಟ್ಟೆ ಹರಡುವಳು, ಅರ್ಧಕ್ಕೇ ಬಿಟ್ಟು ಬಾಗಿಲಿಗೆ ಹೋಗಿ, ಪರೀಕ್ಷೆ ಮಾಡಿಸ್ಕೋ ಎಂದು ಮಗಳಿಗೆ ಫೋನ್ ಮಾಡುವಳು. "ನನ್ನ ಬೆರಳು ಸರಿಯಾಗೇ ಇದೆಯಲ್ಲಮ್ಮ" ಎಂದು ಮಗಳು ಫೋನ್ ಇಟ್ಟುಬಿಡುವಳು. ಎದೆಗೆ ಪೇಸ್‌ಮೇಕರ್ ಕೂರಿಸಬೇಕೆಂದು ಡಾಕ್ಟರು ಅವಸರಪಡಿಸಿದರೆ, ಕತ್ರಿ "ಮೊದಲು ಅವಳದು ಗೊತ್ತಾಗ್ಲಿ" ಎಂದಳು.

"ಹಠ ಮಾತ್ರ ನಿನ್ನದೇ ಬಂದಿದೆ ಕಣೇ ಅವಳಿಗೆ," ಎಂದೆ.

"ಅದು ಅವರಪ್ಪಂದು. ಎಲ್ಲಾನೂ ನನ್ನ ತಲೆಗೆ ಕಟ್ಟಬೇಡ."

ಕೊನೆಗೂ ಮಗಳು ಒಪ್ಪಿದಳು. ಆ ಮಂಗಳವಾರ ಮೂವರೂ ಹೋದೆವು. ಎಕ್ಸ್‌ರೇ ಕೋಣೆಯೆದುರು ಬೆಂಚಿತ್ತು. ಕತ್ರಿ ಅದರ ಮುಂದೆ ಓಡಾಡುತ್ತಲೇ ಇದ್ದಳು. ತುಟಿ ಬಿಳಿಚಿತ್ತು.

"ಕೂತ್ಕೊಳ್ಳೇ, ನೆಲ ಸವೆದುಹೋಗತ್ತೆ."

"ಸವೀಲಿ ಬಿಡು, ನಮ್ಮಪ್ಪನ ಮನೇದಲ್ಲ."

ಒಳಗಿನಿಂದ ಕೂಗಿದರು. ಮಗಳು ಹೊಸ್ತಿಲಲ್ಲಿ ನಿಂತುಬಿಟ್ಟಳು. "ಅಮ್ಮಾ, ಇದೆ ಅಂದ್ಬಿಟ್ರೆ ಏನ್ ಮಾಡ್ಲಿ? ಇನ್ನೊಂದಿನ ಬರೋಣ."

"ಇದ್ರೆ ಇಬ್ರೂ ಒಟ್ಟಿಗೇ ರಿಪೇರಿ ಮಾಡಿಸ್ಕೊಳ್ಳೋಣ. ನಡಿ ಒಳಗೆ."

ಮಗಳು ಕದಲಲಿಲ್ಲ. ಕತ್ರಿ ಅವಳ ಬೆನ್ನಿಗೆ ಎರಡೂ ಕೈ ಕೊಟ್ಟು ಒಳಕ್ಕೆ ನೂಕಿ, ಹೊರಗಿನಿಂದ ಬಾಗಿಲೆಳೆದುಕೊಂಡಳು.