ತುಂಗಾ ಟೀಚರ್ ಕಟ್ಟಿದ ಮೇಳ

ಮದರಾಸಿನ ಪುರಸೈವಾಕ್ಕಂನಲ್ಲಿ, ಜವಳಿ ಅಂಗಡಿಗಳ ಬೀದಿಯಿಂದ ಎರಡು ತಿರುವು ಒಳಗೆ, ಮೊದಲ ಮಹಡಿಯಲ್ಲಿ, ತುಂಗಾ ಟೀಚರ್ ವೀಣೆ ಕಲಿಸುತ್ತಾರೆ. ಬೀದಿಯ ಕಡೆಗಿರುವ ಕೋಣೆಯನ್ನು ಅವರ ಗಂಡ ಹರಿದಾಸರು ಸ್ಟುಡಿಯೋ ಎನ್ನುತ್ತಾರೆ. ಲಾಕ್‌ಡೌನಿನ ವರ್ಷ ಪಾಠಗಳೆಲ್ಲ ಫೋನಿಗೆ ಹೋದಾಗ, ಬಸ್ಸಿನ ಹಾರನ್ ಒಳಗೆ ಬರದಂತೆ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ ಎಂದು ಯಾರೋ ಹೇಳಿದ್ದರು. "ರಾಯರ ಪಟದ ಪಕ್ಕದಲ್ಲಿ ಮೊಟ್ಟೆ ಟ್ರೇನಾ? ಬಹಳ ಚೆನ್ನಾಗಿರತ್ತೆ" ಎಂದು ತುಂಗಾ ನಕ್ಕಿದ್ದರು. ಕೊನೆಗೆ ನಾರಿನ ಚಾಪೆಗಳನ್ನು ಹೊಡೆಸಿದರು. ಹಾರನ್ ನಿಲ್ಲಲಿಲ್ಲ. ಕೋಣೆಗೆ ತೆಂಗಿನ ನಾರಿನ ವಾಸನೆಯೊಂದು ಸೇರಿಕೊಂಡಿತು, ಅಷ್ಟೆ.

ಅರವತ್ತೆರಡರ ತುಂಗಾ ಪಾಠಕ್ಕಿಂತ ಹೆಚ್ಚಾಗಿ ಮೇಳ ಕಟ್ಟುವುದಕ್ಕೆ ಹೆಸರಾದವರು. ವೀಣೆಯ ದಂಡಿಯ ಮೇಲಿರುವ ಇಪ್ಪತ್ತನಾಲ್ಕು ಹಿತ್ತಾಳೆ ಮೆಟ್ಟಿಲುಗಳನ್ನು ಹಿಡಿದಿರುವುದು ಮೊಳೆಯಲ್ಲ, ಜೇನುಮೇಣಕ್ಕೆ ಮಸಿ ಕಲಸಿದ ಕಪ್ಪು ಮುದ್ದೆ. ಅದನ್ನು ಬಿಸಿಮಾಡಿ ಮೆದು ಮಾಡಬೇಕು, ಮೆಟ್ಟಿಲನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತ ತಂತಿ ಮೀಟಬೇಕು, ಸ್ವರ ಕೂತ ಕಡೆ ಒತ್ತಿಬಿಡಬೇಕು. ಇದಕ್ಕೇ ಮೇಳ ಕಟ್ಟುವುದು ಎಂದು ಹೆಸರು. ಈಗ ಅದನ್ನು ಬಲ್ಲ ಕುಶಲಕರ್ಮಿಗಳು ಊರಿನಲ್ಲಿ ಬೆರಳೆಣಿಕೆಯಷ್ಟು. ಕರೆದರೆ ತಿಂಗಳು ಕಾಯಿಸುತ್ತಾರೆ. ತುಂಗಾ ಈ ಕೆಲಸವನ್ನು ತಂದೆ ತಿರುಮಲರಾಯರಿಂದ ಹದಿನೇಳನೆಯ ವಯಸ್ಸಿಗೇ ಕಲಿತರು. ಯಂತ್ರ ಬೇಡ, ಅಳತೆಪಟ್ಟಿ ಬೇಡ; ಕಿವಿಯೊಂದೇ ಅವರ ಅಳತೆ. ಅವರಲ್ಲಿಗೆ ಬರುವ ಏಳು ಮಕ್ಕಳ ಏಳು ವೀಣೆಗಳೂ ಅವರ ಕೈಯಲ್ಲೇ ಮೇಳ ಕಟ್ಟಿಸಿಕೊಂಡವು.

ಕಳೆದ ವರ್ಷ ಮೇ ತಿಂಗಳಲ್ಲಿ ಅವರಿಗೆ ಜೋರು ಜ್ವರ ಬಂತು. ಹನ್ನೊಂದು ದಿನ ಮಲಗಿದರು. ಎದ್ದಮೇಲೆ ಎಡಗಿವಿಯಲ್ಲಿ ಹತ್ತಿ ತುರುಕಿದಂತಿತ್ತು. ನೀರು ಹೋಗಿರಬೇಕು ಎಂದುಕೊಂಡು ಬಿಸಿ ಎಣ್ಣೆ ಬಿಟ್ಟು ಸುಮ್ಮನಾದರು. ಜೂನಿನಲ್ಲಿ ಮಕ್ಕಳು ಮತ್ತೆ ಬರತೊಡಗಿದಾಗ ಎಲ್ಲರ ಮೇಲಿನ ಸ್ವರಗಳೂ ತಗ್ಗಿ ಕೇಳಿಸಿದವು. ಒಬ್ಬರದಲ್ಲ, ಏಳೂ ಜನರದು. ತುಂಗಾ ಅದಕ್ಕೆ ಕಾರಣ ಹುಡುಕಲು ದೂರ ಹೋಗಲಿಲ್ಲ. ಮದರಾಸಿನ ಮೇ ತಿಂಗಳ ಕತ್ತರಿ ಬಿಸಿಲಿಗೆ ಮೇಣ ಸಡಿಲಾಗಿ ಮೆಟ್ಟಿಲು ಜರುಗುವುದು ಹೊಸತಲ್ಲ. ಒಂದೊಂದೇ ವೀಣೆಯನ್ನು ತರಿಸಿ, ಮೇಲಿನ ಮೆಟ್ಟಿಲುಗಳನ್ನೆಲ್ಲ ಬಿಚ್ಚಿ, ತಮ್ಮ ಕಿವಿಗೆ ಹಿತವಾಗುವವರೆಗೆ ಸರಿಸಿ, ಹೊಸದಾಗಿ ಕಟ್ಟಿಕೊಟ್ಟರು.

ಏಳು ಮಕ್ಕಳಲ್ಲಿ ಪ್ರಣಮ್ಯಾ ಮೇಲು. ಹದಿನಾಲ್ಕು ವರ್ಷ. ತಂದೆ ಬಾಬು ಎರಡು ಬೀದಿ ಆಚೆಯ ಸಸ್ಯಾಹಾರಿ ಹೋಟೆಲಿನವರು, ತಾಯಿ ಚಂದ್ರಮತಿ. ಮೂಲ ಉಡುಪಿಯ ಕಡೆ. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. ಆರು ವರ್ಷದಿಂದ ಒಂದೂ ಪಾಠ ತಪ್ಪಿಸಿದವಳಲ್ಲ. ಆ ಜುಲೈ ಕಳೆದಮೇಲೆ ಅವಳು ಮೇಲಿನ ಷಡ್ಜದ ಹತ್ತಿರ ಹೋಗಿ ಹೋಗಿ ವಾಪಸು ಬರತೊಡಗಿದಳು, ಬಿಸಿ ತವೆ ಮುಟ್ಟಿದವಳ ಹಾಗೆ.

"ಯಾಕೆ ನಿಲ್ಲಿಸ್ತೀ? ಹೋಗು ಮೇಲೆ."

"ಟೀಚರ್, ಅದು ಮೇಲೆ ಪೋಗುದು. ಜಾಸ್ತಿ."

"ಜಾಸ್ತೀನಾ? ನಾನು ಕಟ್ಟಿದ ಮೇಳ ಅದು. ನಿನ್ನ ಕಿವಿ ಎಲ್ಲಿಟ್ಟಿದೀ? ಹೋಟ್ಲು ಗಲ್ಲಾ ಪೆಟ್ಟಿಗೇಲಾ?"

ಉಳಿದ ಮಕ್ಕಳು ಕಿಸಕ್ಕೆಂದರು. ಪ್ರಣಮ್ಯಾ ಮತ್ತೆ ನುಡಿಸಿದಳು, ಮತ್ತೆ ನಿಲ್ಲಿಸಿದಳು. ತುಂಗಾ ತಾಳ ಹಾಕುವ ಕೋಲಿನಿಂದ ಅವಳ ಬೆರಳಿನ ಗೆಣ್ಣಿಗೆ ಕುಟ್ಟಿದರು. ಮಕ್ಕಳ ಮೇಲೆ ಅವರು ಕೈಮಾಡುವವರಲ್ಲ. ಕುಟ್ಟಿದ್ದು ಅವರಿಗೇ ಹೊಸತಾಗಿತ್ತು. ಹುಡುಗಿ ಆಮೇಲೆ ಆ ಮಾತು ಎತ್ತಲಿಲ್ಲ. ತಗ್ಗಿದ ಸ್ವರವನ್ನು ತಂತಿ ಎಳೆದು ಏರಿಸಬಹುದು. ಏರಿ ಕೂತ ಮೆಟ್ಟಿಲನ್ನು ಇಳಿಸಲು ನುಡಿಸುವವರ ಕೈಯಲ್ಲಿ ಏನೂ ಇಲ್ಲ. ಅವಳು ಕಣ್ಣು ಕೆಳಗೆ ಹಾಕಿ, ಟೀಚರ್ ಹೇಳಿದಲ್ಲಿಗೆ ಬೆರಳು ಒತ್ತಿ, ನುಡಿಸುತ್ತ ಹೋದಳು. ನಾಲ್ಕು ತಿಂಗಳು.

ಡಿಸೆಂಬರಿನಲ್ಲಿ ಒಂದು ಸಂಗೀತ ಸಭೆಯವರು ನಡೆಸುವ ಮಕ್ಕಳ ಸ್ಪರ್ಧೆಗೆ ತುಂಗಾ ಅವಳನ್ನು ಕಳಿಸಿದರು. ಗೆದ್ದವರಿಗೆ ಮುಂದಿನ ವರ್ಷದ ಸಂಗೀತ ಋತುವಿನಲ್ಲಿ ಒಂದು ಗಂಟೆಯ ಕಚೇರಿ. ಪ್ರಣಮ್ಯಾ ಕೆಳಗಿನ ಸ್ವರಗಳಲ್ಲಿ ಇರುವಷ್ಟು ಹೊತ್ತು ಸಭಾಂಗಣ ತಲೆದೂಗಿತು. ಮೇಲಕ್ಕೆ ಹೋದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಮುಖ ಕಿವುಚಿದರು. ಕೊನೆಗೆ ತೀರ್ಪುಗಾರರಲ್ಲಿ ಒಬ್ಬರು ಮೈಕಿನಲ್ಲೇ, ಸಮಾಧಾನದ ದನಿಯಲ್ಲಿ ಹೇಳಿದರು: "ಮಗು, ಬೆರಳು ಚೆನ್ನಾಗಿದೆ. ಶ್ರುತಿಜ್ಞಾನ ಬೇಕಲ್ಲ, ಅದು ಹುಟ್ಟಿನಿಂದ ಬರೋದು."

ತುಂಗಾಗೆ ಮಾತ್ರ ಆ ಮೇಲಿನ ಸ್ವರಗಳು ಬೆಣ್ಣೆಯಂತೆ ಕೇಳಿಸಿದ್ದವು. ತೀರ್ಪಿನಲ್ಲಿ ಏನೋ ಒಳಸಂಚಿದೆ ಎಂದು ಅವರು ದಾರಿಯುದ್ದಕ್ಕೂ ಹೇಳುತ್ತಲೇ ಬಂದರು. ಆಟೋದಲ್ಲಿ ಚಂದ್ರಮತಿ ಮಗಳ ತಲೆ ಸವರುತ್ತ, "ಹೋಗ್ಲಿ ಬಿಡಿ ಟೀಚರ್. ಇವಳಿಗೆ ಕಿವಿ ಇಲ್ಲ ಅಂತಾದ್ರೆ ಎಂತ ಮಾಡುದು? ನಮ್ಮ ಮನೇಲಿ ಯಾರಿಗೆ ಉಂಟು?" ಎಂದರು. ಪ್ರಣಮ್ಯಾ ವೀಣೆಯನ್ನು ಸ್ಟುಡಿಯೋದಲ್ಲೇ ಇಟ್ಟು ಹೋದಳು. ಮರುದಿನ ಬರಲಿಲ್ಲ. ಆ ವಾರವೂ ಬರಲಿಲ್ಲ.

ಎರಡನೆಯ ವಾರ ಮಧ್ಯಾಹ್ನ ತುಂಗಾ ಆ ವೀಣೆಯನ್ನು ಮಡಿಲಿಗೆ ತೆಗೆದುಕೊಂಡು ಮೀಟುತ್ತಿದ್ದರು. ಹರಿದಾಸರು ಬಂದು ಎದುರು ಕೂತರು. ಮೂವತ್ತೈದು ವರ್ಷ ಆಫೀಸಿನಲ್ಲಿ ಫೈಲು ತಿರುವಿದ ಮನುಷ್ಯ. ಸಂಗೀತದ ಗಂಧವಿಲ್ಲ ಎಂದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವವರು. ಅವರ ಫೋನಿನಲ್ಲಿ ಶ್ರುತಿ ತೋರಿಸುವ, ಮುಳ್ಳಿರುವ ಒಂದು ಆ್ಯಪ್ ಇತ್ತು. ಅವರು ಫೋನನ್ನು ವೀಣೆಯ ಪಕ್ಕ ಇಟ್ಟರು.

"ಕೆಳಗಿಂದು ನುಡಿಸು. ಹಾಂ, ನಡುವೆ ನಿಂತಿತು. ಈಗ ಮೇಲಿಂದು." ಮುಳ್ಳು ಬಲಕ್ಕೆ, ಸ್ವರ ಏರಿದ ಕಡೆಗೆ, ವಾಲಿತು. "ಇದ್ಯಾಕೇ ಹೀಗೆ ಓಡತ್ತೆ?"

"ನಿಮ್ಮ ಫೋನ್ ಓಡತ್ತೆ. ಸುಮ್ನಿರಿ."

"ಫೋನ್ ಪುದುಸು ಕಣೇ, ಹೋದ ತಿಂಗಳು ತಗೊಂಡಿದ್ದು."

ತುಂಗಾ ಒಳಗಿನಿಂದ ತಮ್ಮ ವೀಣೆ ತಂದರು. ಜೂನಿನಲ್ಲಿ ಅದನ್ನೂ ಕಟ್ಟಿದ್ದರು. ಮುಳ್ಳು ಅದೇ ಕಡೆಗೆ, ಅಷ್ಟೇ ದೂರ ವಾಲಿತು. ಅವರು ಎಡಗಿವಿಯನ್ನು ಅಂಗೈಯಿಂದ ಮುಚ್ಚಿ ಮೀಟಿದರು. ಆಮೇಲೆ ಬಲಗಿವಿಯನ್ನು ಮುಚ್ಚಿ ಮೀಟಿದರು. ಒಂದೇ ತಂತಿ, ಒಂದೇ ಮೆಟ್ಟಿಲು. ಎರಡು ಕಿವಿಗೆ ಎರಡು ಸ್ವರ. ಎರಡೂ ಒಂದನ್ನೊಂದು ಹೋಲಲಿಲ್ಲ, ಎರಡೂ ಮುಳ್ಳನ್ನು ಹೋಲಲಿಲ್ಲ. ಅವರು ವೀಣೆಯನ್ನು ಚಾಪೆಯ ಮೇಲೆ ಮಲಗಿಸಿದರು.

ನುಂಗಂಬಾಕ್ಕಂನ ಕಿವಿ ವೈದ್ಯರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಒಳಗಿವಿಯ ನರಕ್ಕೆ ಏಟಾಗಿದೆ, ಮೇಲಿನ ಸ್ವರಗಳು ಇರುವುದಕ್ಕಿಂತ ತಗ್ಗಾಗಿ ಕೇಳಿಸುತ್ತವೆ, ಇದು ತಿರುಗಿ ಬರುವಂಥದ್ದಲ್ಲ ಎಂದರು. ಮಾತು ಕೇಳಿಸುತ್ತದಲ್ಲ, ಅದಕ್ಕೆ ತೊಂದರೆಯಿಲ್ಲ ಎಂದೂ ಧೈರ್ಯ ಹೇಳಿದರು.

ಮನೆಗೆ ಬಂದಮೇಲೆ ಹರಿದಾಸರು ಕಾಫಿ ಬೆರೆಸಿ ತಂದರು. "ಯಾರಿಗೂ ಹೇಳೋದು ಬೇಡ ತುಂಗಾ. ಫೋನ್ ನೋಡ್ಕೊಂಡು ಏಳನ್ನೂ ಸರಿಮಾಡಿಬಿಡು. ಮೇಣ ಕರಗಿತ್ತು ಅಂದ್ರೆ ಆಯ್ತು. ಈ ಊರ ವೆಯಿಲಿಗೆ ಯಾರು ಅನುಮಾನ ಪಡ್ತಾರೆ?"

ಮಾತು ನಿಜವಾಗಿತ್ತು. ಯಾರೂ ಅನುಮಾನ ಪಡುವುದಿಲ್ಲ. ಕಿವಿ ಕೆಟ್ಟ ವೀಣೆ ಟೀಚರ್ ಹತ್ತಿರ ಯಾರೂ ಮಕ್ಕಳನ್ನು ಕಳಿಸುವುದಿಲ್ಲ ಎಂಬುದೂ ಅಷ್ಟೇ ನಿಜ. ಆದರೆ ಮೇಣ ಕರಗಿತ್ತು ಎಂದರೆ, ಕರಗಿದ್ದು ಗೊತ್ತಾಗದೆ ನುಡಿಸಿದ ಹುಡುಗಿ ಕಿವಿಯಿಲ್ಲದವಳೇ ಆಗಿ ಉಳಿದಳಲ್ಲ? ಆ ರಾತ್ರಿ, ಮರುದಿನ, ಅದರ ಮರುದಿನವೂ ತುಂಗಾ ಈ ಒಂದು ಲೆಕ್ಕವನ್ನು ಬೇರೆ ಬೇರೆ ಕಡೆಯಿಂದ ಬಿಡಿಸಿ ನೋಡಿದರು. ಉತ್ತರ ಬದಲಾಗಲಿಲ್ಲ.

ಭಾನುವಾರ ಬೆಳಗ್ಗೆ ವೀಣೆ, ಮೇಣದ ಡಬ್ಬಿ, ಸಣ್ಣ ಸ್ಟವ್ ಹಿಡಿದು ಆಟೋ ಹತ್ತಿದರು. ಬಾಬು ಅವರ ಮನೆ ಹೋಟೆಲಿನ ಮೇಲೆಯೇ. ಸಾಂಬಾರಿನ ಹಬೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಚಂದ್ರಮತಿ ಬಾಗಿಲು ತೆಗೆದು ಸಂಕೋಚದಿಂದ ಸೆರಗು ಸರಿಮಾಡಿಕೊಂಡರು.

"ಅಯ್ಯೋ, ನೀವ್ಯಾಕೆ ಹೊತ್ತುಕೊಂಡು ಬಂದದ್ದು ಟೀಚರ್? ಇವಳು ಇನ್ನು ನುಡಿಸುದಿಲ್ಲ ಅಂತ ಹಟ ಮಾಡ್ತಾಳೆ ಮಾರಾಯ್ರೆ. ತಪ್ಪು ತಿಳ್ಕೊಳ್ಬೇಡಿ." ಮೇಣದ ಡಬ್ಬಿ ಕಂಡು, ತಾವೇ ಸೇರಿಸಿದರು: "ಮೇಣ ಕರಗಿತ್ತಾ ಎಂತ?"

ಹೌದು ಎನ್ನುವ ಮಾತು ತುಂಗಾರ ನಾಲಿಗೆಯ ತುದಿಗೆ ಬಂದಿತ್ತು. ಅವರು ತಲೆಯನ್ನೂ ಆಡಿಸಿಬಿಟ್ಟರು. ಚಂದ್ರಮತಿಯ ಮುಖ ಹಗುರಾಯಿತು. ಒಳಗಿನ ಬಾಗಿಲಲ್ಲಿ ಪ್ರಣಮ್ಯಾ ನಿಂತಿದ್ದಳು.

"ಅಮ್ಮಾ, ಅದು ಮೇಣ ಇಲ್ಲೆ. ನಾನ್ ದಾ. ನನಗೇ ಶ್ರುತಿ ಇಲ್ಲ. ಅವ್ರು ಮೈಕಲ್ಲಿ ಸೊಲ್ಲಿದ್ರಲ್ಲ." ಅವಳ ದನಿಯಲ್ಲಿ ಅಳು ಕೂಡ ಇರಲಿಲ್ಲ. ಎಂದೋ ತೀರ್ಮಾನವಾದ ವಿಷಯವನ್ನು ಹೇಳುವ ಹಾಗಿತ್ತು.

ತುಂಗಾ ನೆಲದ ಮೇಲೆ ಕೂತರು. "ಮೇಣ ಕರಗಿರ್ಲಿಲ್ಲ ಚಂದ್ರಮತಿ. ಈಗ ಸುಳ್ಳು ಹೇಳ್ದೆ. ನನ್ನ ಕಿವಿ ಕೆಟ್ಟಿದೆ. ಜ್ವರ ಬಂದಾಗಿಂದ. ನಾನು ತಪ್ಪು ಜಾಗದಲ್ಲಿ ಮೇಳ ಕಟ್ಟಿ, ಇವಳು ಅದನ್ನೇ ನುಡಿಸೋ ಹಾಗೆ ಮಾಡ್ದೆ. ಇವಳು ಹೇಳಿದ್ಲು. ನಾನು ಬೆರಳಿಗೆ ಕುಟ್ಟಿದೆ."

ಕೆಳಗೆ ಹೋಟೆಲಿನಲ್ಲಿ ಯಾರೋ ಎರಡು ಪೊಂಗಲ್ ಎಂದು ಕೂಗಿದರು.

"ಅಪ್ಪೋ, ಹಾಗಾದ್ರೆ ನಾನು ಕೇಳಿದ್ದು ಸರಿಯಾ?" ಎಂದಳು ಪ್ರಣಮ್ಯಾ.

"ಸರಿ. ಮೊದಲ ದಿನದಿಂದ ಸರಿ."

ಹುಡುಗಿಯ ಮುಖ ಒಮ್ಮೆಲೇ ಕೆಂಪಾಯಿತು. "ನಾಲ್ಕು ತಿಂಗಳು ಟೀಚರ್! ಸ್ಕೂಲಲ್ಲಿ ಪ್ರೇಯರ್‌ಗೂ ನಾನು ಬಾಯಿ ತೆಗೀಲಿಲ್ಲ. ಎಲ್ಲಾ ತಪ್ಪಾ ಕೇಳತ್ತೆ ಅಂತ, ಫ್ಯಾನ್ ಸೌಂಡ್ ಕೂಡ..." ಅವಳು ಗೋಡೆಗೆ ತಿರುಗಿ ನಿಂತಳು. ಚಂದ್ರಮತಿ ಮಗಳ ಹತ್ತಿರ ಹೋಗಲೋ, ಟೀಚರಿಗೆ ನೀರು ಕೊಡಲೋ ತಿಳಿಯದೆ ನಡುಮನೆಯಲ್ಲೇ ನಿಂತರು. ತುಂಗಾ ಕ್ಷಮಿಸು ಎನ್ನಲಿಲ್ಲ. ಕೇಳುವುದಕ್ಕೆ ನಾಚಿಕೆಯಾಯಿತು. ಸ್ಟವ್ ಹೊತ್ತಿಸಿ ಮೇಣ ಇಟ್ಟರು.

"ಬಾ. ನೀನು ಹೇಳು, ನಾನು ಒತ್ತುತೀನಿ."

ಮೇಣ ಮೆದುವಾದಾಗ ಅವಳು ಬಂದು ಎದುರಿಗೆ ಕೂತಳು. ತುಂಗಾ ಮೊದಲ ಮೆಟ್ಟಿಲನ್ನು ಸಡಿಲಿಸಿ ಮೀಟಿದರು. "ಕೀಳೆ" ಎಂದಳು ಪ್ರಣಮ್ಯಾ. ಕೆಳಕ್ಕೆ ಸರಿಸಿದರು. "ಇನ್ನೂ ಸ್ವಲ್ಪ. ಹಾಂ, ಅಲ್ಲೇ." ಅಲ್ಲಿ ಆ ಸ್ವರ ತುಂಗಾರ ಕಿವಿಗೆ ಹುಳಿಯಾದ ಹಾಲಿನಂತೆ ಒಡೆದಿತ್ತು. ನಲವತ್ತೈದು ವರ್ಷದ ಬೆರಳುಗಳು ತಾವಾಗಿಯೇ ಹಿಂದಕ್ಕೆ ತಳ್ಳಲು ಹೋದವು. "ಟೀಚರ್, ಅಲ್ಲೇ ಅಂದೆ" ಎಂದಳು ಹುಡುಗಿ ಗಡುಸಾಗಿ. ತುಂಗಾ ಕಣ್ಣು ಮುಚ್ಚಿ ಒತ್ತಿದರು. ಎರಡನೆಯದು, ಮೂರನೆಯದು. ಒಂದೊಂದೂ ಸುಳ್ಳಾಗಿ ಕೇಳಿಸುತ್ತಿತ್ತು, ಒಂದೊಂದನ್ನೂ ಅವರು ಅಲ್ಲೇ ಒತ್ತಿದರು. ಮೇಲಿನ ಹನ್ನೆರಡು ಮೆಟ್ಟಿಲು ಮುಗಿಯುವಾಗ ಬೆರಳ ತುದಿ ಸುಟ್ಟು ಕಪ್ಪಾಗಿತ್ತು.

ಚಂದ್ರಮತಿ ಕೊನೆಗೆ ಬಾಯಿಬಿಟ್ಟರು. "ಬಂದು ಹೇಳಿದ್ರಲ್ಲ, ಅದು ದೊಡ್ಡದು ಟೀಚರ್. ಆದ್ರೆ ಇವಳನ್ನು ಇನ್ನು ಬೇರೆ ಕಡೆ ಸೇರಿಸ್ತೇವೆ. ನಿಮಗೇ ಗೊತ್ತುಂಟಲ್ಲ."

"ಗೊತ್ತು. ಸೇರಿಸಿ. ತಡ ಮಾಡಬೇಡಿ."

ಪ್ರಣಮ್ಯಾ ತಲೆಯೆತ್ತಲಿಲ್ಲ. ತಂತಿಯ ಮೇಲೆ ಬೆರಳಿಟ್ಟು, ಮೀಟದೆ, ಹಾಗೇ ಕೂತಿದ್ದಳು.

ಕೆಳಗಿಳಿದಾಗ ಬಾಬು ಗಲ್ಲಾದಿಂದ, "ಏನ್ ಟೀಚರ್, ಕಾಫಿ ಕುಡಿದು ಹೋಗಿ" ಎಂದು ಕರೆದರು. ಅವರಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ತುಂಗಾ ಕೈ ಮುಗಿದು ಬೀದಿಗೆ ಬಂದರು. ಭಾನುವಾರದ ಜನ ಬಟ್ಟೆಯ ಚೀಲ ಹಿಡಿದು ಮೈಗೆ ಮೈ ಉಜ್ಜಿಕೊಂಡು ಹೋಗುತ್ತಿದ್ದರು. ಒಂದು ಅಂಗಡಿಯ ಜಗುಲಿಗೆ ಒತ್ತಿ ನಿಂತು, ಸ್ಟವ್ ಕೆಳಗಿಟ್ಟು, ಮೇಣದ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿ, ಫೋನ್ ತೆಗೆದು, ಉಳಿದ ಆರು ಮಕ್ಕಳಲ್ಲಿ ಒಬ್ಬಳ ಮನೆಗೆ ಕರೆ ಮಾಡಿ, ಬಲಗಿವಿಗೆ ಹಿಡಿದರು.

"ಶ್ರೀಪ್ರಿಯಾನ ಅಮ್ಮನಾ? ತುಂಗಾ ಟೀಚರ್ ಮಾತಾಡೋದು. ಮನೇಲಿದೀರಾ? ವೀಣೆ ಮೇಳ ಬಿಚ್ಚಬೇಕು... ಇಲ್ಲ, ಮೇಣ ಅಲ್ಲ. ಮೇಣ ಚೆನ್ನಾಗೇ ಇದೆ. ನನ್ನ ಕಿವಿ."